ಪೈಥಾನ್ ಕಲಿಕೆಯ ತೊಡಕುಗಳು: ಒಂದು ವಿಚಾರ

ನಮ್ಮ ಕಡೆಯ ಜನಕ್ಕೆ ಹೆಬ್ಬಾವು ಹೊಸದೇನಲ್ಲ. ನಾಗರಹೊಳೆಯ ಕಾಡು ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಅಂಟಿಕೊಂಡೇ ಇದೆ. ಆದುದರಿಂದ ಬಿ.ಎ. ತರಗತಿಯ ಹುಡುಗನೊಬ್ಬ ಮನೆಗೆ ಹೋಗಿ, "ನಾನು ಪೈಥಾನ್ ಕಲಿಯುತ್ತಿದ್ದೇನೆ" ಎಂದು ಹೇಳಿದಾಗ, ನಾಲ್ಕಕ್ಷರ ಇಂಗ್ಲಿಷು ಬಲ್ಲ ಚಿಕ್ಕಪ್ಪನವರು, "ಹಾವು ಹಿಡಿಯುವ ವಿದ್ಯೆಯೂ ಕಾಲೇಜಿಗೆ ಬಂತೇನಪ್ಪ?" ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ನಿಜವಾಗಿ ಈ ಪೈಥಾನಿಗೂ ಹಾವಿಗೂ ಸಂಬಂಧವಿಲ್ಲ. ಇದು ಕಂಪ್ಯೂಟರಿಗೆ ನಾವು ಅಪ್ಪಣೆ ಕೊಡುವ ಒಂದು ಭಾಷೆ. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬುವರು 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದುಕೊಂಡು ಇದನ್ನು ಕಟ್ಟಲು ತೊಡಗಿದರು. 1991ರಲ್ಲಿ ಇದು ಹೊರಗೆ ಬಂದಿತು. ಬ್ರಿಟಿಷ್ ಟೆಲಿವಿಷನ್ನಿನ ಒಂದು ಹಾಸ್ಯ ಕಾರ್ಯಕ್ರಮದ ಹೆಸರಿನಲ್ಲಿದ್ದ 'ಪೈಥಾನ್' ಎಂಬ ಮಾತನ್ನೇ ತಮ್ಮ ಭಾಷೆಗೆ ಇಟ್ಟರು. ಹೀಗೆ ನಗೆಯಿಂದ ಹೆಸರು ಪಡೆದ ಭಾಷೆ ನಮ್ಮ ಹುಡುಗರನ್ನು ಅಳಿಸುತ್ತಿರುವುದೇಕೆ ಎಂಬುದೇ ಈ ಲೇಖನದ ವಿಚಾರ.

ನಮ್ಮ ಕಾಲೇಜಿನಲ್ಲಿ ಆಸಕ್ತ ವಿದ್ಯಾರ್ಥಿಗಳಿಗೆಂದು ಮಧ್ಯಾಹ್ನದ ಮೇಲೆ ಪೈಥಾನ್ ತರಗತಿಯೊಂದು ನಡೆಯಿತು. ಅಂತಿಮ ವರ್ಷದವನಾದ ನನಗೆ ಅಧ್ಯಾಪಕರು, "ನೀನು ಜೊತೆಯಲ್ಲಿ ನಿಂತು ಕಿರಿಯರಿಗೆ ಸಹಾಯ ಮಾಡಪ್ಪ" ಎಂದು ಹೇಳಿದ್ದರಿಂದ, ಹೊಸಬರ ಬೆನ್ನ ಹಿಂದೆ ನಿಂತು ಅವರ ಪರದೆಗಳನ್ನು ನೋಡುವ ಅವಕಾಶ ನನಗೆ ದೊರೆಯಿತು. ಮೊದಲ ವಾರ ಬೆಂಚು ಸಾಲದಷ್ಟು ಜನ ಬಂದರು. ದಸರಾ ರಜೆ ಮುಗಿಸಿಕೊಂಡು ಬಂದಾಗ ಉಳಿದವರಿಗೆ ಎರಡು ಬೆಂಚು ಸಾಕಾಯಿತು. ಬಿಟ್ಟುಹೋದವರನ್ನು ಬಸ್ ನಿಲ್ದಾಣದಲ್ಲಿ ಕಂಡು ಕಾರಣ ಕೇಳಿದರೆ ಮೂರು ಬಗೆಯ ಉತ್ತರ ಬರುತ್ತಿತ್ತು: "ನಮಗೆ ಇಂಗ್ಲಿಷು ಬರೋದಿಲ್ಲ", "ನಾವು ಆರ್ಟ್ಸ್‌ನವರು, ಗಣಿತ ಗೊತ್ತಿಲ್ಲ", "ಅದು ನಮ್ಮಂಥವರಿಗಲ್ಲ ಬಿಡಿ." ಮೊದಲೆರಡು ಮಾತುಗಳಲ್ಲಿ ಸ್ವಲ್ಪ ಸತ್ಯವುಂಟು. ಮೂರನೆಯ ಮಾತು ಮಾತ್ರ ಪೂರ್ತಿ ಸುಳ್ಳು, ಮತ್ತು ಅದೇ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸಬರು ಎಡವುವ ಕಲ್ಲುಗಳು ಬಹುಮಟ್ಟಿಗೆ ಸಣ್ಣವು, ಎಣಿಸಿ ಹೇಳಬಹುದಾದವು. ಅವರನ್ನು ಕೆಡಹುತ್ತಿರುವುದು ತಪ್ಪು ಮಾಡಿದರೆ ಮಾನ ಹೋಯಿತು ಎಂದು ನಮ್ಮ ಪರೀಕ್ಷೆಗಳು ಕಲಿಸಿರುವ ಪಾಠ.

ಮೊದಲು ಆ ಕಲ್ಲುಗಳನ್ನೇ ನೋಡೋಣ.

ಭಾಷೆ ಕಲಿಯುವ ಮುನ್ನವೇ ಯಂತ್ರದ ತೊಡಕು ಎದುರಾಗುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಇನ್ನೂ ವಿಂಡೋಸ್ 7 ಇರುವುದುಂಟು. ಅದರ ಮೇಲೆ ಪೈಥಾನಿನ 3.8ರವರೆಗಿನ ಆವೃತ್ತಿಗಳು ಮಾತ್ರ ಕೂರುತ್ತವೆ, 3.9ರಿಂದ ಮುಂದಿನವು ಕೂರುವುದಿಲ್ಲ. ಇದನ್ನು ತಿಳಿಯದ ಹುಡುಗ ಹೊಸದನ್ನು ಇಳಿಸಿಕೊಳ್ಳಲು ಹೋಗಿ, ಅದು ನಿರಾಕರಿಸಿದಾಗ, ತನ್ನ ಹಣೆಬರಹವೆಂದು ಎದ್ದುಬಿಡುತ್ತಾನೆ. ಎರಡನೆಯದು ಪುಸ್ತಕದ ತೊಡಕು. ಪೈಥಾನಿನಲ್ಲಿ ಎರಡನೆಯ ತಲೆಮಾರು, ಮೂರನೆಯ ತಲೆಮಾರು ಎಂದು ಎರಡು ಕವಲುಗಳಿದ್ದವು. ಮೂರನೆಯದು 2008ರ ಡಿಸೆಂಬರಿನಲ್ಲಿ ಬಂದಿತು. ಎರಡನೆಯದರ ಪೋಷಣೆ 2020ರ ಜನವರಿ 1ಕ್ಕೆ ನಿಂತುಹೋಯಿತು. ಆದರೆ ಗ್ರಂಥಭಂಡಾರದ ಕಪಾಟಿನಲ್ಲಿರುವ ಹಳೆಯ ಪುಸ್ತಕಕ್ಕೆ ಈ ಸುದ್ದಿ ಹೇಗೆ ತಿಳಿಯಬೇಕು? ಅದರಲ್ಲಿ 'ಪ್ರಿಂಟ್' ಎಂಬ ಮಾತಿನ ಮುಂದೆ ಆವರಣ ಚಿಹ್ನೆಯಿಲ್ಲ. ಇಂದಿನ ಯಂತ್ರ ಆವರಣ ಚಿಹ್ನೆಯಿಲ್ಲದೆ ಒಪ್ಪುವುದಿಲ್ಲ. ಪುಸ್ತಕದಲ್ಲಿದ್ದಂತೆಯೇ ಅಕ್ಷರ ತಪ್ಪದೆ ಬರೆದ ವಿದ್ಯಾರ್ಥಿಗೆ ತಪ್ಪೆಂಬ ತೀರ್ಪು ಬಂದರೆ ಅವನಿಗೆ ಹೇಗಾಗಬೇಡ! ಆದ್ದರಿಂದ ಪುಸ್ತಕ ಹಿಡಿದೊಡನೆ ಅದು ಯಾವ ತಲೆಮಾರಿನದು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಮೂರನೆಯದು ಅಕ್ಷರಗಳ ತೊಡಕು. ಇದು ಕನ್ನಡ ಮಾಧ್ಯಮದ ನಮ್ಮಂಥವರಿಗೆ ವಿಶೇಷವಾದದ್ದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಇಂಗ್ಲಿಷಿನಲ್ಲಿ ಇದೆ, ಮತ್ತು ಪೈಥಾನ್ ಆ ಭೇದವನ್ನು ಬಹು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಸಣ್ಣ 'ಪಿ'ಯಿಂದ ಮೊದಲಾಗುವ 'ಪ್ರಿಂಟ್' ಅದಕ್ಕೆ ಗೊತ್ತು. ದೊಡ್ಡ 'ಪಿ'ಯಿಂದ ಮೊದಲಾದರೆ "ಇಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದುಬಿಡುತ್ತದೆ. ಮನೆಯಲ್ಲಿ ಕಂಪ್ಯೂಟರಿಲ್ಲದೆ ಫೋನಿನಲ್ಲಿ ಅಭ್ಯಾಸ ಮಾಡುವವರು ನಮ್ಮಲ್ಲಿ ಹೆಚ್ಚು. ಫೋನಿನ ಕೀಲಿಮಣೆಯಾದರೋ ಸಾಲಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುವ ಉಪಕಾರಬುದ್ಧಿಯುಳ್ಳದ್ದು. ವಾಟ್ಸಾಪಿನಲ್ಲೋ ಅಚ್ಚಿಗಾಗಿ ಸಿದ್ಧಪಡಿಸಿದ ಕಡತದಲ್ಲೋ ಬಂದ ಪ್ರೋಗ್ರಾಮನ್ನು ಹಾಗೆಯೇ ಎತ್ತಿ ಅಂಟಿಸಿದರೆ ಇನ್ನೊಂದು ಸಂಕಟ. ಅಲ್ಲಿಯ ಉದ್ಧರಣ ಚಿಹ್ನೆಗಳು ಅಂದಕ್ಕಾಗಿ ಬಾಗಿರುತ್ತವೆ, ಪೈಥಾನಿಗೆ ನೆಟ್ಟಗಿರುವ ಚಿಹ್ನೆಗಳೇ ಬೇಕು. ಕಣ್ಣಿಗೆ ಎರಡೂ ಒಂದೇ ಬಗೆ. ಆದುದರಿಂದ ಚಿಕ್ಕ ಪ್ರೋಗ್ರಾಮುಗಳನ್ನು ಅಂಟಿಸದೆ ಕೈಯಾರೆ ಹೊಡೆಯುವುದೇ ಮೇಲು.

ನಾಲ್ಕನೆಯದು ಖಾಲಿ ಜಾಗದ ತೊಡಕು. ಬೇರೆ ಭಾಷೆಗಳು ಬಹಳ ಮಟ್ಟಿಗೆ ಪುಷ್ಪಾವರಣಗಳನ್ನು ಬಳಸಿ 'ಈ ಸಾಲುಗಳು ಇದಕ್ಕೆ ಸೇರಿದವು' ಎಂದು ತೋರಿಸುತ್ತವೆ. ಪೈಥಾನ್ ಆ ಕೆಲಸವನ್ನು ಸಾಲಿನ ಎಡಗಡೆಯ ಖಾಲಿ ಜಾಗಕ್ಕೆ ವಹಿಸಿದೆ. ಗೀಡೊ ಅವರು ಇದಕ್ಕೆ ಮೊದಲು ಕೆಲಸ ಮಾಡಿದ್ದ 'ಎಬಿಸಿ' ಎಂಬ ಭಾಷೆಯಿಂದ ಈ ಪದ್ಧತಿ ಬಂದದ್ದು, ಮತ್ತು ಆ ಭಾಷೆ ಹೊಸಬರಿಗೆ ಸುಲಭವಾಗಲೆಂದೇ ಹುಟ್ಟಿದ್ದು ಎಂಬುದು ಒಂದು ಚೋದ್ಯ. ಸಾಮಾನ್ಯವಾಗಿ ನಾಲ್ಕು ಖಾಲಿ ಜಾಗ ಬಿಡುವುದು ರೂಢಿ. ಒಂದು ಸಾಲಿಗೆ ನಾಲ್ಕು, ಅದೇ ಗುಂಪಿನ ಮುಂದಿನ ಸಾಲಿಗೆ ಮೂರು ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲ. ಕೆಲವು ಸಾಲಿಗೆ ಟ್ಯಾಬ್ ಕೀಲಿ ಒತ್ತಿ, ಕೆಲವಕ್ಕೆ ಖಾಲಿ ಜಾಗ ಬಿಟ್ಟರೂ ತಕರಾರು ತೆಗೆಯುತ್ತದೆ. ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ನಮ್ಮ ಮನೆಯ ಹಿರಿಯರು ಬರೆಯುವ ಲೆಕ್ಕದ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಿ. 'ಮದುವೆ ಖರ್ಚು' ಎಂದು ಅಂಚಿಗೆ ಬರೆದು, ಅದರ ಕೆಳಗೆ ಸ್ವಲ್ಪ ಒಳಕ್ಕೆ ಸರಿದು ಚಪ್ಪರ, ಅಡಿಗೆ, ವಾದ್ಯ ಎಂದು ಸಾಲಾಗಿ ಬರೆಯುತ್ತಾರೆ. ಒಳಕ್ಕೆ ಸರಿದದ್ದೆಲ್ಲ ಮೇಲಿನದಕ್ಕೆ ಸೇರಿದ್ದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪೈಥಾನ್ ಕೇಳುವುದೂ ಅಷ್ಟೇ ಅಚ್ಚುಕಟ್ಟು. ಒಳಕ್ಕೆ ಸರಿಯುವ ಮೊದಲಿನ ಸಾಲಿನ ಕೊನೆಗೆ ವಿವರಣ ಚಿಹ್ನೆಯ ಎರಡು ಚುಕ್ಕೆಗಳನ್ನು ಇಡುವುದನ್ನು ಮರೆಯದಿದ್ದರೆ ಸರಿ.

ಐದನೆಯ ತೊಡಕನ್ನು ಹೊಗೆಸೊಪ್ಪಿನ ಲೆಕ್ಕದಿಂದ ಹೇಳುತ್ತೇನೆ. ಪಿರಿಯಾಪಟ್ಟಣದ ಸೀಮೆಯಲ್ಲಿ ಆ ಲೆಕ್ಕ ತಿಳಿಯದ ಮನೆ ಅಪರೂಪ. ಎರಡು ಬೇಲುಗಳ ತೂಕ ಕೇಳಿ ಕೂಡಿ ಹೇಳುವ ಪ್ರೋಗ್ರಾಮನ್ನು ಒಬ್ಬ ಹುಡುಗ ಬರೆದ. ಮೊದಲನೆಯದು 85 ಕಿಲೋ, ಎರಡನೆಯದು 92 ಕಿಲೋ ಎಂದು ಕೊಟ್ಟ. ಯಂತ್ರ 8592 ಎಂದು ಉತ್ತರ ಕೊಟ್ಟಿತು. ಪಕ್ಕದಲ್ಲಿದ್ದವನು, "ಈ ತೂಕ ಹರಾಜು ಮಾರುಕಟ್ಟೆಯಲ್ಲಿ ನಡೆದರೆ ನಮ್ಮಪ್ಪನ ಸಾಲವೆಲ್ಲ ಒಂದೇ ದಿನಕ್ಕೆ ತೀರುತ್ತಿತ್ತು" ಎಂದ. ನಾವೆಲ್ಲ ನಕ್ಕೆವು. ಆದರೆ ಯಂತ್ರ ತಪ್ಪು ಮಾಡಿರಲಿಲ್ಲ. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಪೈಥಾನ್ ಬರಹವೆಂದೇ ಸ್ವೀಕರಿಸುತ್ತದೆ. ಎರಡು ಬರಹಗಳನ್ನು ಕೂಡಿಸು ಎಂದರೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಇಡುತ್ತದೆ. 'ಹೊಗೆ'ಗೆ 'ಸೊಪ್ಪು' ಸೇರಿ 'ಹೊಗೆಸೊಪ್ಪು' ಆಗುವುದಿಲ್ಲವೆ, ಹಾಗೆ. ಇದು ಸಂಖ್ಯೆ ಎಂದು ನಾವು ಬಾಯಿಬಿಟ್ಟು ಹೇಳಬೇಕು. 'ಇಂಟ್' ಎಂಬ ಮಾತು ಇರುವುದು ಅದಕ್ಕೇ.

ಆರನೆಯದು ಸಮಚಿಹ್ನೆಯ ತೊಡಕು. ಶಾಲೆಯಲ್ಲಿ ನಾವು ಕಲಿತ ಸಮಚಿಹ್ನೆ 'ಎರಡೂ ಕಡೆ ಒಂದೇ' ಎಂದು ಹೇಳುತ್ತದೆ. ಪೈಥಾನಿನ ಒಂಟಿ ಸಮಚಿಹ್ನೆ 'ಬಲಗಡೆಯದನ್ನು ಎಡಗಡೆಯ ಹೆಸರಿಗೆ ಇಡು' ಎಂಬ ಅಪ್ಪಣೆ. ಆದುದರಿಂದಲೇ 'ಮೊತ್ತ ಸಮ ಮೊತ್ತ ಕೂಡಿಸು ಒಂದು' ಎಂಬ ಸಾಲು ಗಣಿತದಲ್ಲಿ ಅಸಂಬದ್ಧವಾದರೂ ಇಲ್ಲಿ ಸಹಜವಾಗಿದೆ: ಇದ್ದ ಮೊತ್ತಕ್ಕೆ ಒಂದು ಸೇರಿಸಿ ಅದನ್ನೇ ಹೊಸ ಮೊತ್ತವೆಂದು ಇಟ್ಟುಕೊ ಎಂದರ್ಥ. 'ಎರಡೂ ಒಂದೇ ಏನು?' ಎಂದು ಕೇಳಬೇಕಾದಾಗ ಜೋಡಿ ಸಮಚಿಹ್ನೆ ಹಾಕಬೇಕು. ಗಣಿತ ಬಾರದು ಎಂದು ಹೆದರುವ ಕಲಾ ವಿದ್ಯಾರ್ಥಿ ಇಲ್ಲಿ ಒಂದು ಸಮಾಧಾನ ತಂದುಕೊಳ್ಳಬಹುದು; ಹಳೆಯ ಅಭ್ಯಾಸ ಬಲವಾಗಿರುವವರಿಗೇ ಇದು ಹೆಚ್ಚು ಕಾಡುತ್ತದೆ.

ಏಳನೆಯದು ಸೊನ್ನೆಯಿಂದ ಎಣಿಸುವ ತೊಡಕು. ಒಂದು ಪಟ್ಟಿಯಲ್ಲಿ ಮೊದಲನೆಯದು ಬೇಕಾದರೆ ಪೈಥಾನಿನಲ್ಲಿ ಸೊನ್ನೆ ಎಂದು ಕೇಳಬೇಕು. ಒಂದರಿಂದ ಹತ್ತರವರೆಗೆ ಎಣಿಸೆಂದು 'ರೇಂಜ್' ಎಂಬುದಕ್ಕೆ ಒಂದು, ಹತ್ತು ಎಂದು ಕೊಟ್ಟರೆ ಅದು ಒಂಬತ್ತಕ್ಕೆ ನಿಂತುಬಿಡುತ್ತದೆ. ಇದನ್ನು ರಸ್ತೆಯ ಕಿಲೋಮೀಟರ್ ಕಲ್ಲಿನಂತೆ ತಿಳಿಯಬೇಕು. ಹೊರಟ ಜಾಗದಲ್ಲಿ ನಾವು ನಡೆದ ದೂರ ಸೊನ್ನೆ. ಪೈಥಾನ್ ಹೇಳುವ ಸಂಖ್ಯೆ 'ಎಷ್ಟನೆಯದು' ಎಂಬುದಲ್ಲ, 'ಮೊದಲಿನಿಂದ ಎಷ್ಟು ದೂರ' ಎಂಬುದು. ಹೀಗೆಂದು ಒಮ್ಮೆ ಮನಸ್ಸಿಗೆ ಹತ್ತಿದರೆ ಮತ್ತೆ ತೊಂದರೆಯಿಲ್ಲ.

ಎಂಟನೆಯದನ್ನು ತೊಡಕು ಎನ್ನುವುದಕ್ಕಿಂತ ವಿನೋದ ಎನ್ನಬಹುದು. ಕನ್ನಡದ ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ಮಾಡಿ ನೋಡಬೇಕು. 'ಬೈಲಕುಪ್ಪೆ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ? ನಮ್ಮ ಲೆಕ್ಕದಲ್ಲಿ ನಾಲ್ಕು: ಬೈ, ಲ, ಕು, ಪ್ಪೆ. ಪೈಥಾನನ್ನು ಕೇಳಿದರೆ ಒಂಬತ್ತು ಎನ್ನುತ್ತದೆ. ಏಕೆಂದರೆ ಅದು ವ್ಯಂಜನವನ್ನು, ಸ್ವರದ ಗುರುತನ್ನು, ಒತ್ತಕ್ಷರ ಬರಿಸುವ ಅರ್ಧಾಕ್ಷರದ ಚಿಹ್ನೆಯನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. 'ಕನ್ನಡ' ಎಂಬುದಕ್ಕೆ ಐದು ಎನ್ನುತ್ತದೆ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಈ ಪದವನ್ನು ಹೊಡೆಯುವವರು ಒತ್ತುವ ಕೀಲಿಗಳೂ ಐದೇ ಎಂಬುದನ್ನು ಗಮನಿಸಿದರೆ ಯಂತ್ರದ ಲೆಕ್ಕದ ಮರ್ಮ ತಿಳಿಯುತ್ತದೆ. ಮೂರನೆಯ ತಲೆಮಾರಿನ ಪೈಥಾನಿನಲ್ಲಿ ನಾವು ಇಡುವ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದು. 'ತೂಕ', 'ಬೆಲೆ', 'ಮೊತ್ತ' ಎಂದು ಬರೆದರೆ ಅದು ತಕರಾರಿಲ್ಲದೆ ಒಪ್ಪುತ್ತದೆ. ಕೀಲಿಮಣೆಯಿಂದ ೮೫ ಎಂದು ಕನ್ನಡ ಅಂಕಿಯಲ್ಲಿ ತೂಕ ಕೊಟ್ಟರೂ 'ಇಂಟ್' ಅದನ್ನು ಎಂಬತ್ತೈದು ಎಂದು ಓದಿಕೊಳ್ಳುತ್ತದೆ. ಆದರೆ ಪ್ರೋಗ್ರಾಮಿನ ಒಳಗೆ ಸಂಖ್ಯೆಯನ್ನು ನೇರವಾಗಿ ಬರೆಯುವಾಗ ಇಂಗ್ಲಿಷಿನ ಅಂಕಿಯೇ ಬೇಕು. ಇನ್ನೊಂದು ಎಚ್ಚರಿಕೆ: 'ರೇಷನ್‌ಕಾರ್ಡು' ಎಂಬಂಥ ಪದದಲ್ಲಿ 'ನ್' ಮತ್ತು 'ಕಾ' ಒತ್ತಾಗಿ ಕೂಡಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಕಾಣದ ಚಿಹ್ನೆಗೆ ಬೈಸಿಕೊಂಡ ಹುಡುಗನ ಪಾಡು ದೇವರಿಗೇ ಪ್ರೀತಿ!

ಇಷ್ಟನ್ನೂ ಬರೆದ ಮೇಲೆ ಓದುಗರು, "ಇವೆಲ್ಲ ಒಂದು ವಾರದಲ್ಲಿ ಕಲಿಯಬಹುದಾದ ಸಂಗತಿಗಳು, ಇಷ್ಟಕ್ಕೆ ಹುಡುಗರು ಏಕೆ ಓಡಿಹೋಗಬೇಕು?" ಎಂದು ಕೇಳಬಹುದು. ಆ ಪ್ರಶ್ನೆಯೇ ನನ್ನದೂ ಆಗಿತ್ತು. ಅದಕ್ಕೆ ಉತ್ತರ ಒಂದು ದಿನ ಲ್ಯಾಬಿನಲ್ಲಿಯೇ ದೊರೆಯಿತು. ಮೊದಲ ವರ್ಷದ ಹುಡುಗಿಯೊಬ್ಬಳು ತನ್ನ ಪರದೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕುಳಿತಿದ್ದಳು. ಏನೆಂದು ಕೇಳಿದ್ದಕ್ಕೆ ಮೆಲ್ಲಗೆ, "ಅಣ್ಣಾ, ಕೆಂಪು ಬಂದುಬಿಟ್ಟಿದೆ. ಸರ್‌ಗೆ ಹೇಳಬೇಡಿ" ಎಂದಳು. ಪೈಥಾನಿನೊಡನೆ ಬರುವ ಬರವಣಿಗೆಯ ಕಿಟಕಿಯಲ್ಲಿ ತಪ್ಪಿನ ಸೂಚನೆಗಳು ಕೆಂಪು ಬಣ್ಣದಲ್ಲಿ ಮೂಡುತ್ತವೆ. ಒಂದನೆಯ ತರಗತಿಯಿಂದ ಕಾಲೇಜಿನವರೆಗೆ ಕೆಂಪು ಶಾಯಿಗೆ ನಮ್ಮಲ್ಲಿರುವ ಅರ್ಥ ಒಂದೇ. ಅಂಕ ಹೋಯಿತು, ಮುಖ ತಗ್ಗಿಸು. ಆ ಹುಡುಗಿಗೆ ಬಂದಿದ್ದ ಸೂಚನೆಯಾದರೋ ಮೂರನೆಯ ಸಾಲಿನಲ್ಲಿ ಎರಡು ಚುಕ್ಕೆ ಬಿಟ್ಟುಹೋಗಿದೆ ಎಂಬುದಷ್ಟೆ. ಅದನ್ನು ಓದಿದ್ದರೆ ಅರ್ಧ ನಿಮಿಷದ ಕೆಲಸ. ಓದಲಿಲ್ಲ, ಮುಚ್ಚಿಕೊಂಡಳು. ಮುಂದಿನ ವಾರ ಅವಳು ತರಗತಿಗೆ ಬರಲಿಲ್ಲ.

ವಿಚಾರ ಮಾಡಿ ನೋಡಿದರೆ, ತಪ್ಪಿನ ಸೂಚನೆ ಎಂಬುದು ಪೈಥಾನಿನಲ್ಲಿರುವ ಅತ್ಯಂತ ದೊಡ್ಡ ಉಪಕಾರ. ಯಾವ ಸಾಲು, ಯಾವ ಬಗೆಯ ತಪ್ಪು ಎಂದು ಅದು ಹೇಳುತ್ತದೆ. 'ನೇಮ್ ಎರರ್' ಎಂದರೆ ನೀನು ಹೇಳಿದ ಹೆಸರು ನನಗೆ ಗೊತ್ತಿಲ್ಲ. 'ಟೈಪ್ ಎರರ್' ಎಂದರೆ ಕೂಡಬಾರದ ಎರಡು ಜಾತಿಯ ವಸ್ತುಗಳನ್ನು ಕೂಡಿಸಿದೆ. 'ಇಂಡೆಂಟೇಷನ್ ಎರರ್' ಎಂದರೆ ಅಂಚು ತಪ್ಪಿದೆ. 'ಸಿಂಟ್ಯಾಕ್ಸ್ ಎರರ್' ಎಂದರೆ ವಾಕ್ಯರಚನೆ ಸರಿಯಿಲ್ಲ. ಇಂಗ್ಲಿಷಿನ ಈ ಹತ್ತಾರು ಪದಗಳನ್ನು ತಿಳಿದುಕೊಳ್ಳುವುದು ಬಿ.ಎ. ಓದುವವನಿಗೆ ಹೊರಲಾರದ ಹೊರೆಯಲ್ಲ. ಸೂಚನೆ ಉದ್ದವಾಗಿದ್ದರೆ ಮೊದಲು ಕೊನೆಯ ಸಾಲನ್ನು ಓದಬೇಕು, ತಿರುಳು ಅಲ್ಲಿರುತ್ತದೆ. ಈ ವಿಷಯದಲ್ಲಿ ಕನ್ನಡಿಗನಿಗೆ ಹುಟ್ಟಿನಿಂದಲೇ ತರಬೇತಿಯಾಗಿದೆ ಎಂದರೆ ತಪ್ಪಾಗಲಾರದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಅವನು ನಿನ್ನೆ ಮೈಸೂರಿನಿಂದ ಬಸ್ಸಿನಲ್ಲಿ" ಎಂದಷ್ಟನ್ನು ಕೇಳಿ ಯಾರೂ ತೀರ್ಮಾನಕ್ಕೆ ಬರುವುದಿಲ್ಲ. ಬಂದನೋ ಬರಲಿಲ್ಲವೋ ಎಂದು ಕೊನೆಯ ಮಾತಿಗೆ ಕಿವಿ ಕೊಡುತ್ತೇವೆ. ಅದೇ ಅಭ್ಯಾಸವನ್ನು ಇಲ್ಲಿಯೂ ತಂದರೆ ಸಾಕು.

ಆದರೆ ಓದುವುದಕ್ಕೆ ಮುನ್ನ ನಾಚಿಕೆ ಬಿಡಬೇಕಲ್ಲ! ಅದನ್ನು ಬಿಡುವುದು ಹೇಗೆಂಬುದಕ್ಕೆ ನನಗೆ ತಿಳಿದ ಉದಾಹರಣೆ ನನ್ನ ಊರಾದ ಬೈಲಕುಪ್ಪೆಯೇ. 1960ರ ದಶಕದ ಆರಂಭದಲ್ಲಿ, ಅಂದಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು. ಅವರಿಗೆ ಕನ್ನಡದ ಒಂದಕ್ಷರ ಬಾರದು. ನಮ್ಮ ಹಳ್ಳಿಯವರಿಗೆ ಅವರ ಮಾತು ತಿಳಿಯದು. ಹಾಗೆಂದು ಯಾರೂ ವ್ಯಾಕರಣ ಪೂರ್ತಿ ಕಲಿತ ಮೇಲೆ ಬಾಯಿ ತೆರೆಯುತ್ತೇವೆ ಎಂದು ಕಾದು ಕೂರಲಿಲ್ಲ. ಇಂದಿಗೂ ಸಂತೆಯಲ್ಲಿ ಹೊಸದಾಗಿ ಕನ್ನಡ ಕಲಿಯುತ್ತಿರುವ ಟಿಬೆಟಿನ ಹುಡುಗ ಎಪ್ಪತ್ತು ವರ್ಷದ ಅಜ್ಜಿಯನ್ನು, "ನೀನು ಎಷ್ಟಕ್ಕೆ ಕೊಡ್ತೀಯ?" ಎಂದು ಏಕವಚನದಲ್ಲಿ ಕೇಳುವುದುಂಟು. ಅಜ್ಜಿ ನಕ್ಕು, "ನೀವು ಅನ್ನಬೇಕು ಕಣಪ್ಪ" ಎಂದು ತಿದ್ದುತ್ತಾಳೆ; ಅವನು "ನೀವು" ಎಂದು ಹೇಳಿ ಸೊಪ್ಪು ಕೊಂಡು ಹೋಗುತ್ತಾನೆ. ನಾಳೆ ಮತ್ತೆ ಬರುತ್ತಾನೆ. ಅಂಕ ಕಳೆಯುವವರು ಅಲ್ಲಿ ಯಾರೂ ಇಲ್ಲ. ತಪ್ಪು, ತಿದ್ದು, ಸೊಪ್ಪು, ಮೂರೂ ಒಂದೇ ನಿಮಿಷದಲ್ಲಿ ಮುಗಿಯುತ್ತವೆ.

ವಿದ್ವತ್ತಿನ ಸ್ಥಾನಗಳಲ್ಲಿಯೂ ಇದೇ ಮರ್ಯಾದೆ ಇರಬಲ್ಲದು ಎಂಬುದಕ್ಕೆ ನಮ್ಮೂರಿನ ಸೆರಾ ಮಠವನ್ನು ನೋಡಬೇಕು. ಲಾಸಾದ ಬಳಿಯಿದ್ದ ಆ ಪುರಾತನ ವಿದ್ಯಾಪೀಠ 1970ರಲ್ಲಿ ಬೈಲಕುಪ್ಪೆಯಲ್ಲಿ ಮರುಸ್ಥಾಪನೆಯಾಯಿತು. ಅಲ್ಲಿಯ ಅಂಗಳದಲ್ಲಿ ಭಿಕ್ಷುಗಳು ಶಾಸ್ತ್ರಚರ್ಚೆ ಮಾಡುವುದನ್ನು ಯಾತ್ರಿಕರು ನೋಡಿರುತ್ತಾರೆ. ಒಬ್ಬ ನೆಲದ ಮೇಲೆ ಕುಳಿತು ಉತ್ತರ ಹೇಳುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಹಾಕಿ ಜೋರಾಗಿ ಚಪ್ಪಾಳೆ ತಟ್ಟುತ್ತಾನೆ. ಕುಳಿತವನ ಮಾತಿನಲ್ಲಿ ವಿರೋಧ ಕಂಡರೆ ಎಲ್ಲರಿಗೂ ಕೇಳುವಂತೆ ಅದನ್ನು ಎತ್ತಿ ತೋರಿಸುತ್ತಾನೆ. ನೋಡುವವರಿಗೆ ಜಗಳವೆಂದೇ ತೋರಬಹುದು. ಆದರೆ ಸಿಕ್ಕಿಬಿದ್ದವನು ಪುಸ್ತಕ ಮುಚ್ಚಿ ಎದ್ದುಹೋಗುವುದಿಲ್ಲ. ತಾನು ಹೇಳಿದ್ದನ್ನು ಸರಿಮಾಡಿಕೊಂಡು ಮುಂದಿನ ಪ್ರಶ್ನೆಗೆ ಸಿದ್ಧನಾಗುತ್ತಾನೆ. ಅವರ ಧರ್ಮಶಾಸ್ತ್ರದ ವಿಚಾರ ಇಲ್ಲಿ ನನಗೆ ಬೇಕಿಲ್ಲ. ತಪ್ಪನ್ನು ಬಹಿರಂಗವಾಗಿ ಎತ್ತಿ ತೋರಿಸಿದರೂ ಕಲಿಯುವವನ ಗೌರವಕ್ಕೆ ಕುಂದು ಬಾರದ ಏರ್ಪಾಡು ಸಾಧ್ಯ ಎಂಬುದಷ್ಟೇ ನನಗೆ ಮುಖ್ಯ. ಪೈಥಾನ್ ಕೂಡ ಹಾಗೆ ಚಪ್ಪಾಳೆ ತಟ್ಟುವ ಒಬ್ಬ ಪ್ರಶ್ನಕಾರ. ಅದು ಬೈಯುವುದಿಲ್ಲ, ಯಾರಿಗೂ ಚಾಡಿ ಹೇಳುವುದಿಲ್ಲ, ಎಷ್ಟು ಸಾರಿ ಕೇಳಿದರೂ ಬೇಸರಪಡುವುದಿಲ್ಲ.

ನಮ್ಮ ವಿದ್ಯಾಭ್ಯಾಸ ಇದಕ್ಕೆ ತಿರುಗುಮುರುಗಾಗಿದೆ. ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕವನ್ನು ನೋಡಿದರೆ ಅಲ್ಲಿರುವುದು ಸರಿಯಾದ ಪ್ರೋಗ್ರಾಮು, ಸರಿಯಾದ ಉತ್ತರ, ಅಂದವಾದ ಅಕ್ಷರ. ಆ ಪ್ರೋಗ್ರಾಮು ಸರಿಯಾಗುವ ಮುನ್ನ ಏನೇನು ನಡೆಯಿತು ಎಂಬುದರ ಸುಳಿವೂ ಇಲ್ಲ. ಹತ್ತಿರದ ಪಟ್ಟಣವೊಂದರಲ್ಲಿ ಹಣ ಕೊಟ್ಟು ಪೈಥಾನ್ ಕಲಿಯಲು ಹೋದ ನನ್ನ ಮಿತ್ರನಿಗೆ ಅಲ್ಲಿಯವರು ಅಚ್ಚು ಹಾಕಿದ ಹಾಳೆಗಳ ಕಟ್ಟು ಕೊಟ್ಟು, "ಇವಿಷ್ಟನ್ನು ಬಾಯಿಪಾಠ ಮಾಡಿ, ಸರ್ಟಿಫಿಕೇಟು ಕೊಡುತ್ತೇವೆ" ಎಂದರಂತೆ. ಬಾಯಿಪಾಠ ಮಾಡಿದ ಪ್ರೋಗ್ರಾಮಿನಲ್ಲಿ ಒಂದು ಚುಕ್ಕೆ ಮರೆತರೆ ಎಲ್ಲವೂ ಕೆಟ್ಟಿತು. ಏಕೆ ಕೆಟ್ಟಿತೆಂದು ತಿಳಿಯುವ ದಾರಿ ಆ ಹಾಳೆಗಳಲ್ಲಿಲ್ಲ. ಈಗ ಇನ್ನೊಂದು ಅನುಕೂಲವೂ ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದಂದಿನಿಂದ, ಕೇಳಿದೊಡನೆ ಪೂರ್ತಿ ಪ್ರೋಗ್ರಾಮು ಬರೆದುಕೊಡುವ ಯಂತ್ರಗಳು ಫೋನಿನಲ್ಲಿಯೇ ದೊರೆಯುತ್ತವೆ. ಇವುಗಳನ್ನು ಬಳಸಲೇಬಾರದು ಎಂದು ನಾನು ಹೇಳುವುದಿಲ್ಲ. "ಈ ತಪ್ಪಿನ ಸೂಚನೆಯ ಅರ್ಥವೇನು, ಕನ್ನಡದಲ್ಲಿ ಹೇಳು" ಎಂದು ಕೇಳಿದರೆ ಅದು ಒಳ್ಳೆಯ ಉಪಾಧ್ಯಾಯ. "ನನ್ನ ಬದಲು ನೀನೇ ಬರೆ" ಎಂದರೆ ಅದು ಹಳೆಯ ಗೈಡು ಪುಸ್ತಕದ ಹೊಸ ಅವತಾರ. ಆ ಯಂತ್ರಗಳೂ ಒಮ್ಮೊಮ್ಮೆ ತಪ್ಪು ಉತ್ತರವನ್ನು ಬಹು ಧೈರ್ಯದಿಂದ ಕೊಡುತ್ತವೆ. ತಪ್ಪನ್ನು ಓದಿ ಅಭ್ಯಾಸವಿಲ್ಲದವನಿಗೆ ಅದು ಗೊತ್ತಾಗುವುದು ಹೇಗೆ?

"ಕಲಾ ವಿಭಾಗದವರಿಗೆ ಇದರ ಗೊಡವೆ ಏಕೆ?" ಎಂದು ಕೇಳುವ ಹಿರಿಯರೂ ಇದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲರೂ ಪೈಥಾನ್ ಕಲಿಯಲೇಬೇಕೆಂಬ ಹಟವೂ ನನಗಿಲ್ಲ. ಆದರೆ ಜನಗಣತಿಯ ಅಂಕಿಗಳನ್ನು ಹೋಲಿಸಬೇಕಾದ ಅರ್ಥಶಾಸ್ತ್ರದ ವಿದ್ಯಾರ್ಥಿಗೆ, ಒಂದು ಕಾವ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ತಿಳಿಯಬಯಸುವ ಕನ್ನಡದ ವಿದ್ಯಾರ್ಥಿಗೆ ಇದು ಕೈಗೆ ಒದಗುವ ಸಾಧನ. ಮೇಲಾಗಿ ಸಂಧಿ ಬಿಡಿಸಿ, ಸಮಾಸ ಗುರುತಿಸಿ, ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರಗಳಿಗೆ ಉದಾಹರಣೆ ಹುಡುಕಿದವರಿಗೆ ನಿಯಮಬದ್ಧವಾದ ಭಾಷೆ ಹೊಸದಲ್ಲ. ಬಾಗಿಲು ತೆರೆದಿರಬೇಕು, ಒಳಗೆ ಬರುವುದೂ ಬಿಡುವುದೂ ಅವರವರ ಇಷ್ಟ. ಹೆದರಿ ಹೊರಗೆ ನಿಲ್ಲುವಂತೆ ಮಾತ್ರ ಆಗಬಾರದು.

ದೋಷ ಹೇಳುವುದು ಸುಲಭ, ಪರಿಹಾರ ಹೇಳುವುದು ಕಷ್ಟ ಎನ್ನುತ್ತಾರೆ. ಆದುದರಿಂದ ನನ್ನ ಬುದ್ಧಿಗೆ ತೋರಿದ ಕೆಲವು ಸಲಹೆಗಳನ್ನು ಅಧ್ಯಾಪಕವರ್ಗದ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ.

ಮೊದಲನೆಯದಾಗಿ, ಲ್ಯಾಬಿನಲ್ಲಿ ಒಂದು 'ತಪ್ಪಿನ ಪುಸ್ತಕ' ಇರಲಿ. ಯಾರಿಗೆ ಯಾವ ಕೆಂಪು ಸೂಚನೆ ಬಂದರೂ ಅದನ್ನು ಅದರಲ್ಲಿ ಬರೆದು, ಅದರ ಅರ್ಥವನ್ನೂ ಸರಿಪಡಿಸಿದ ರೀತಿಯನ್ನೂ ಕನ್ನಡದಲ್ಲಿ ಬರೆಯಲಿ. ಹೆಸರು ಹಾಕುವ ಅಗತ್ಯವಿಲ್ಲ. ವರ್ಷ ಕಳೆಯುವುದರೊಳಗೆ ನಮ್ಮ ಕಾಲೇಜಿನದೇ ಆದ ಒಂದು ಕೈಪಿಡಿ ಸಿದ್ಧವಾಗುತ್ತದೆ. ಇದು ದೊಡ್ಡವರೇ ನಡೆದ ದಾರಿ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 'ಮಾರ್ಕ್ 2' ಎಂಬ ಕಂಪ್ಯೂಟರು ಕೆಟ್ಟಾಗ, ಅದರೊಳಗೆ ಸಿಕ್ಕಿಕೊಂಡಿದ್ದ ಒಂದು ಪತಂಗವನ್ನು ಹೊರತೆಗೆದು, ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಷರಾ ಬರೆದರು. ಮುಚ್ಚಿಡಲಿಲ್ಲ. ಆ ಪುಟ ಇಂದು ವಸ್ತುಸಂಗ್ರಹಾಲಯದ ಸೊತ್ತು.

ಎರಡನೆಯದಾಗಿ, ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಪ್ರೋಗ್ರಾಮಿನ ಎದುರು ಪುಟದಲ್ಲಿ 'ಎಡವಿದ್ದು ಮತ್ತು ತಿದ್ದಿದ್ದು' ಎಂಬ ಭಾಗವಿರಲಿ. ಅದಕ್ಕೂ ಅಂಕ ದೊರೆಯಲಿ. ತಪ್ಪಿಗೆ ಅಂಕ ಕಳೆಯುವ ಬದಲು ತಿದ್ದಿದ್ದಕ್ಕೆ ಅಂಕ ಕೊಟ್ಟರೆ, ಅಂಗೈಯಿಂದ ಪರದೆ ಮುಚ್ಚಿಕೊಳ್ಳುವ ಕಾರಣವೇ ಇರುವುದಿಲ್ಲ. "ಸುಳ್ಳು ತಪ್ಪುಗಳನ್ನು ಬರೆದು ಅಂಕ ಗಿಟ್ಟಿಸುತ್ತಾರೆ" ಎಂಬ ಆಕ್ಷೇಪಣೆ ಬರಬಹುದು. ಸುಳ್ಳು ತಪ್ಪನ್ನು ಸರಿಯಾಗಿ ಬರೆಯಬೇಕಾದರೂ ನಿಜವಾದ ತಿಳಿವಳಿಕೆ ಬೇಕು. ಅಂಥವನಿಗೆ ಅಂಕ ಕೊಟ್ಟರೆ ನಷ್ಟವೇನೂ ಇಲ್ಲ.

ಮೂರನೆಯದಾಗಿ, ಮೊದಲ ಪಾಠಗಳು ನಮ್ಮ ಮನೆಯ ಲೆಕ್ಕಗಳಿಂದ ಬರಲಿ. ಡೈರಿಗೆ ಹಾಕಿದ ಹಾಲಿನ ಚೀಟಿ, ಬೇಲಿನ ತೂಕ, ಮುಸುಕಿನ ಜೋಳದ ಮೂಟೆಯ ದರ, ಹಾಜರಿಯ ಶೇಕಡಾವಾರು ಇವುಗಳಲ್ಲಿ ಉತ್ತರ ತಪ್ಪಾದರೆ ನಮಗೇ ತಿಳಿಯುತ್ತದೆ. ಎಂಟು ಸಾವಿರ ಕಿಲೋದ ಬೇಲನ್ನು ನೋಡಿ ನಗಬಲ್ಲವನು ತಪ್ಪನ್ನು ಕಂಡುಹಿಡಿದೇ ಇದ್ದಾನೆ. ಹೆಸರುಗಳನ್ನು ಕನ್ನಡದಲ್ಲಿ ಇಡಲು ಅಪ್ಪಣೆಯೂ ಇರಲಿ. ಇಂಗ್ಲಿಷಿನದು ಹಿಂದೆಯೇ ಬರುತ್ತದೆ.

ನಾಲ್ಕನೆಯದಾಗಿ, ಈ ತರಗತಿ ಸಂಜೆಯ ಬಸ್ಸಿಗೆ ಮುಂಚೆ ಮುಗಿಯಲಿ. ಬೈಲಕುಪ್ಪೆ, ಕೊಪ್ಪದ ಕಡೆಯಿಂದ ಬರುವ ಹೆಣ್ಣುಮಕ್ಕಳು ಪ್ರೋಗ್ರಾಮು ಕೆಟ್ಟ ಹೊತ್ತಿಗೆ ಗಡಿಯಾರ ನೋಡಬೇಕಾದರೆ, ತಿದ್ದುವ ಸಮಾಧಾನ ಎಲ್ಲಿಂದ ಬರಬೇಕು? ತಪ್ಪು ಮಾಡಲು ಧೈರ್ಯ ಬೇಕಾದಂತೆ ಅದನ್ನು ತಿದ್ದಲು ಹೊತ್ತೂ ಬೇಕು.

ಇನ್ನು ಸಹಪಾಠಿ ಮಿತ್ರರಿಗೆ, ಅದರಲ್ಲಿಯೂ ಎರಡು ಬೆಂಚುಗಳನ್ನು ಬಿಟ್ಟು ಹೋದವರಿಗೆ ಒಂದು ಮಾತು. ಪರದೆಯ ಮೇಲೆ ಕೆಂಪು ಮೂಡಿದಾಗ ಮುಚ್ಚಿಕೊಳ್ಳಬೇಡಿ. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ. ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳಿ. ಅವರಿಗೂ ಅರ್ಥವಾಗದಿದ್ದರೆ ಇಬ್ಬರೂ ಸೇರಿ ಅಧ್ಯಾಪಕರನ್ನು ಕರೆಯಿರಿ. ಯಂತ್ರ ಕೆಡುವುದಿಲ್ಲ, ಅಂಕ ಹೋಗುವು‌ದಿಲ್ಲ, ಯಾರೂ ನಗುವುದಿಲ್ಲ. ನಕ್ಕರೂ ಸಂತೆಯ ಅಜ್ಜಿಯಂತೆ ನಕ್ಕು ತಿದ್ದುತ್ತಾರೆ. ಬರುವ ವರ್ಷವೂ ತರಗತಿ ನಡೆಯುವುದೆಂದು ಕೇಳಿದ್ದೇನೆ. ಆಗ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆ ತಪ್ಪಿನ ಪುಸ್ತಕದ ಮೊದಲ ಪುಟವನ್ನು ನಿಮ್ಮಲ್ಲಿಯೇ ಯಾರಾದರೂ ಬರೆಯಬೇಕೆಂದು ನನ್ನ ವಿನಂತಿ.